ಒಂಬತ್ತು ಡೆಸಿಬೆಲ್

ಕಾಗದದ ಮೇಲೆ ನೂರ ನಲವತ್ತನಾಲ್ಕು.
ಜಿನೈದಾ ಲ್ವೋವ್ನಾ, ಬಿಷ್ಕೆಕ್ ಕಚೇರಿಯಲ್ಲಿ,
ಚಹಾ ಆರುವುದರೊಳಗೆ ಕಟ್ಟಿಕೊಟ್ಟ ಲೆಕ್ಕ:
ಇಷ್ಟು ದೂರ, ಇಂಥ ಆವರ್ತನ,
ನಡುವೆ ಅಡ್ಡ ಬರುವ ಒಂದು ಗುಡ್ಡ.
ಗುಡ್ಡದ ನೆತ್ತಿಗೆ ಆಕೆಯ ಸೂತ್ರದಲ್ಲಿ ಚೂರಿಯಂಚೆಂದು ಹೆಸರು.

ನಾನು ಆ ಚೂರಿಯ ಮೇಲೆ ಕೂತು ರೊಟ್ಟಿ ತಿಂದಿದ್ದೇನೆ.
ಅಲ್ಲಿ ಕುರಿ ಹಿಕ್ಕೆ, ಕಲ್ಲುಹೂವು,
ಯಾರೋ ಬಿಟ್ಟುಹೋದ ಒಂದೇ ಕಾಲಿನ ರಬ್ಬರ್ ಬೂಟು.
ಅದರಿಂದ ಏನನ್ನೂ ಕೊಯ್ಯಲಾಗದು.
ಆದರೂ ಲೆಕ್ಕಕ್ಕೆ ಒಂದು ಅಂಚು ಬೇಕು,
ಹೊಲಿಗೆಗೆ ಒಂದು ಗಂಟು ಬೇಕಾದ ಹಾಗೆ.

ಸಾತಿಬಾಲ್ದಿ ವ್ಯಾನು ನಿಲ್ಲಿಸಿ ಚಕ್ರಗಳಿಗೆ ಕಲ್ಲಿಟ್ಟ.
ಕಂಬ ಏರಿತು. ತುದಿಯ ಬಟ್ಟಲು
ಆಚೆ ಬೆಟ್ಟದ ಕಡೆ ಕಿವಿಗೊಟ್ಟಿತು.
ಮುಳ್ಳು ಓಲಾಡಿ, ಓಲಾಡಿ, ನಿಂತಿತು:
ನೂರ ಐವತ್ತಮೂರು.
ಮತ್ತೆ ಅಳೆದೆ. ಕೇಬಲ್ ಬದಲಿಸಿ ಅಳೆದೆ.
ವ್ಯಾನನ್ನು ಹತ್ತು ಮಾರು ಹಿಂದೆ ಸರಿಸಿ ಅಳೆದೆ.
ಒಂಬತ್ತು ಡೆಸಿಬೆಲ್ ದಾರಿಯಲ್ಲೆಲ್ಲೋ ಸೋರಿಹೋಗಿತ್ತು,
ಎಂದರೆ, ಬರಬೇಕಾದ ಎಂಟು ಪಾಲಿನಲ್ಲಿ ಏಳು.
ಹಾಲು ತರಲು ಕಳಿಸಿದ ಹುಡುಗ
ಖಾಲಿ ಗಿಂಡಿ ಹಿಡಿದು, ತುಟಿಯ ಮೇಲೆ ಕೆನೆ ಇಟ್ಟುಕೊಂಡು ಬಂದ ಹಾಗೆ.

ಆ ವಾರ ಲೆಕ್ಕ ಎಲ್ಲ ಕಡೆಯೂ ಒಂದೇ ರೀತಿ ತಪ್ಪಲಿಲ್ಲ.
ಸೋನ್-ಕುಲ್ ನೀರಿನ ಮೇಲೆ ನಡುರಾತ್ರಿ
ಹೇಳಿದ್ದಕ್ಕಿಂತ ನಾಲ್ಕು ಹೆಚ್ಚೇ ಬಂತು;
ಸರೋವರ ತನ್ನ ಕಡೆಯಿಂದಲೂ ಒಂದಿಷ್ಟು ಸೇರಿಸಿ ಕಳಿಸಿತ್ತು.
ಬೆಳಗಾಗುವಾಗ ಅದೇ ನೀರು
ಕೊಟ್ಟದ್ದನ್ನೆಲ್ಲ ಬಡ್ಡಿ ಸಮೇತ ಕಿತ್ತುಕೊಂಡಿತು.
ದೊಲೋನ್ ಕಣಿವೆಯ ಹತ್ತಿರ ಎರಡೂ ಅಂಕಿ ಕೂಡಿಬಂದವು,
ದಶಾಂಶದವರೆಗೆ. ಹಿಗ್ಗಿ ಸಾತಿಬಾಲ್ದಿಗೆ ಚಾಕಲೇಟು ಕೊಟ್ಟೆ.
ಸಂಜೆ ತಿಳಿಯಿತು: ತಿರುಪು ಸಡಿಲ,
ಜೊತೆಗೆ ನಾನು ಬರೆದುಕೊಂಡ ಎತ್ತರವೂ ತಪ್ಪು;
ಎರಡು ತಪ್ಪು ಕೈಕೈ ಹಿಡಿದು
ಒಂದು ಸರಿಯ ವೇಷ ಹಾಕಿ ಬಂದಿದ್ದವು.
ಅಂದಿನಿಂದ ತಾಳೆಯಾದ ಅಂಕಿ ಕಂಡರೆ
ನನಗೆ ಮೊದಲು ಭಯ.

ಒಂಬತ್ತು ಮಾತ್ರ ಬಗೆಹರಿಯಲಿಲ್ಲ.
ಬಾನೆಟ್ಟಿನ ಮೇಲೆ ನಕ್ಷೆ ಹರಡಿದೆ, ಎಪ್ಪತ್ತೊಂದನೇ ಇಸವಿಯದ್ದು.
ಅಲೆ ದಾರದಂತೆ ಬರುವುದಿಲ್ಲ, ಸಾತಿಬಾಲ್ದಿಗೆ ಹೇಳಿದೆ,
ನೂಲು ಸುತ್ತಿದ ಕದಿರಿನಂತೆ ಬರುತ್ತದೆ, ನಡುವೆ ಹೊಟ್ಟೆ.
ಕಣ್ಣಿಗೆ ದಾರಿ ಬಿಟ್ಟಂತೆ ಕಂಡರೂ
ಅದರ ಹೊಟ್ಟೆಗೆ ಏನೋ ತಗಲುತ್ತಿದೆ.
ಅವನು ನಕ್ಷೆ ನೋಡಲಿಲ್ಲ.
ಗುಡ್ಡದ ಈಚೆ ಮಗ್ಗುಲಿನ ಪಾಪ್ಲರ್ ಸಾಲು ನೋಡುತ್ತಿದ್ದ,
ಮೂರು ದಿನದಿಂದ ನಾನು ನೋಡಿಯೂ ನೋಡದ ಸಾಲು.

"ಐದನೇ ತರಗತಿ," ಅಂದ. "ಗಾಳಿ ತಡೆಯಲಿ ಅಂತ
ಮೇಷ್ಟ್ರು ನಮ್ಮಿಂದ ನೆಡಿಸಿದ್ದು. ತಲೆಗೊಂದು ಕಡ್ಡಿ.
ಎಡದಿಂದ ಆರನೆಯದು ನನ್ನದು.
ಏಳನೆಯದು ಜಿಪಾರ್‌ದು. ಅವಳದು ಮೊದಲಿನಿಂದಲೂ ಎತ್ತರ."
ಆಮೇಲೆ, ಸಿಗರೇಟು ಹಚ್ಚಿಕೊಳ್ಳುತ್ತ,
"ನಿಮ್ಮ ಒಂಬತ್ತರಲ್ಲಿ ನನ್ನ ಪಾಲೆಷ್ಟು?"

ನನಗೆ ಗೊತ್ತಿರಲಿಲ್ಲ. ಡೆಸಿಬೆಲ್ಲುಗಳನ್ನು
ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ ಹಂಚಲು ಬರುವುದಿಲ್ಲ.

ಜನವರಿಯಲ್ಲಿ ಮತ್ತೆ ಹೋದೆವು. ಹಿಮ, ಬೋಳು ಕೊಂಬೆ.
ನೂರ ನಲವತ್ತೊಂಬತ್ತು.
ಹಾಗಾದರೆ ನಾಲ್ಕು, ಎಲೆಗಳದ್ದು.
ಮಿಕ್ಕ ಐದು ಮರದ್ದೋ,
ಗುಡ್ಡ ಚೂರಿಯಾಗದೆ ಗುಡ್ಡವಾಗಿಯೇ ಉಳಿದದ್ದರದ್ದೋ.
ಗೋಪುರ ಎಂಟು ಮೀಟರು ಎತ್ತರಿಸಿ ಎಂದು ವರದಿ ಬರೆದೆ;
ಕಡಿಯಿರಿ ಎಂದು ಬರೆದಿದ್ದರೆ ಅಗ್ಗವಾಗುತ್ತಿತ್ತು.
ಷರಾ ಎಂಬ ಇಕ್ಕಟ್ಟಿನ ಕಾಲಮ್ಮಿನಲ್ಲಿ ಸೇರಿಸಿದೆ:
ಪಾಪ್ಲರ್, ಇಪ್ಪತ್ತಾರು. ಇನ್ನೂ ಬೆಳೆಯುತ್ತಿವೆ.

ಜಿನೈದಾ ಲ್ವೋವ್ನಾ ಫೋನು ಮಾಡಿ ಕೇಳಿದ್ದು ಒಂದೇ ಮಾತು:
ವರ್ಷಕ್ಕೆ ಎಷ್ಟು?

ಸಾತಿಬಾಲ್ದಿ ಈಗ ಕಂಬ ಇಳಿಸುವ ಮೊದಲು
ಹೆಂಡತಿಯ ಹೊಲಿಗೆ ಟೇಪು ಜೇಬಿನಲ್ಲಿಟ್ಟುಕೊಂಡು
ಮೊಣಕಾಲುದ್ದ ಹಿಮದಲ್ಲಿ ಆ ಸಾಲಿನತ್ತ ನಡೆಯುತ್ತಾನೆ.
ಆರನೆಯದರ ಸುತ್ತಳತೆಗೆ ಅದು
ನಾಲ್ಕು ಬೆರಳು ಸಾಲದು.